ಆಫ್‌ರೋಡ್ ಜೀಪನ್ನು ಟ್ರೇಲರ್ ಮೇಲೆ ಒಯ್ಯುವವರಿಗೆ: ಎಳೆಯುವ ಗಾಡಿಯನ್ನು ಕೊನೆಗೆ ಆರಿಸಿ

"ನನ್ನ ಸ್ಕಾರ್ಪಿಯೊ ಜಿಪ್ಸಿ ಎಳೀತದೇನ್ರಿ ಅಣ್ಣಾ?" ಕಲಬುರಗಿಯ ಜೀಪ್ ಗೆಳೆಯರು ನನ್ನನ್ನು ಪದೇಪದೇ ಕೇಳುವುದು ಇದನ್ನೇ. ಎಳೀತದ. ಒಂದು ಜೋಡಿ ಎತ್ತು ಹೂಡಿದರೂ ಎಳೀತಾವ. ಹುಮನಾಬಾದ್ ರಸ್ತೆಯಲ್ಲಿ ಒಮ್ಮೆಲೇ ಎಮ್ಮೆ ಅಡ್ಡ ಬಂದರೆ ಮುಂದಿನ ಗಾಡಿ, ಹಿಂದಿನ ಟ್ರೇಲರ್ ಎರಡೂ ಒಟ್ಟಿಗೆ ನಿಲ್ಲುತ್ತವೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಎಡವುವವರೆಲ್ಲ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಹಿಚ್ (ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಹಾಕುವ ಕೊಂಡಿ) ಹಾಕಿಸುತ್ತಾರೆ. ಆಮೇಲೆ ಸಿಕ್ಕ ಟ್ರೇಲರ್ ತರುತ್ತಾರೆ. ಜೀಪಿನ ತೂಕ ಎಷ್ಟು ಅನ್ನುವುದು ಟ್ರೇಲರ್ ಟೈರ್ ಒಡೆದ ಮೇಲೆ ನೆನಪಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಮುಗಿಸದೆ ನಾಲ್ಕನೆಯದಕ್ಕೆ ದುಡ್ಡು ಬಿಚ್ಚಬೇಡಿ.

ಕೈಯಲ್ಲಿ ಇರಬೇಕಾದ ಸಾಮಾನು

50 ಮಿ.ಮೀ. ಅಗಲದ ರ‍್ಯಾಚೆಟ್ ಬೆಲ್ಟ್ ನಾಲ್ಕು, ಹೆಚ್ಚಿಗೆ ಒಂದು. ಆಕ್ಸಲ್‌ಗೆ ಸುತ್ತುವ ಕುಣಿಕೆ ಬೆಲ್ಟ್ ನಾಲ್ಕು. ಗಾಲಿಗೆ ಅಡ್ಡ ಕೊಡಲು ಮರದ ಬೆಣೆ ನಾಲ್ಕು. ಟ್ರೇಲರ್ ಬಾಲಕ್ಕೆ ಕೊಡಲು ಗಟ್ಟಿ ಸ್ಟ್ಯಾಂಡ್ ಎರಡು. ಟಾರ್ಕ್ ಸ್ಪ್ಯಾನರ್, ಗಾಳಿ ನೋಡುವ ಗೇಜ್, ಟ್ರೇಲರ್‌ನ ಸ್ಟೆಪ್ನಿ.

ಟ್ರೇಲರ್ ನಟ್ಟಿನ ಅಳತೆ ಬಹಳ ಸಲ ಗಾಡಿಯ ನಟ್ಟಿಗಿಂತ ಬೇರೆ ಇರುತ್ತದೆ. ಅದರ ಸ್ಪ್ಯಾನರ್ ಕೂರುತ್ತದೋ ಇಲ್ಲವೋ ಮನೆಯಲ್ಲೇ ಹಾಕಿ ನೋಡಿ. ಪಂಕ್ಚರ್ ಆದ ಮೇಲೆ ನೋಡುವ ಕೆಲಸವಲ್ಲ ಅದು.

ಹಂತ 1: ಜೀಪನ್ನು ಕಾಟಾ (ಲಾರಿ ತೂಗುವ ತಕ್ಕಡಿ) ಮೇಲೆ ನಿಲ್ಲಿಸಿ

ಸಾಫ್ಟ್ ಟಾಪ್ (ಬಟ್ಟೆಯ ಮೇಲ್ಹೊದಿಕೆಯ) ಮಾರುತಿ ಜಿಪ್ಸಿಗೆ ಕಂಪನಿ ಹೇಳುವ ತೂಕ 985 ಕೆಜಿ. ನನ್ನದನ್ನು ಗಂಜ್ ಮಾರುಕಟ್ಟೆಯ ಹತ್ತಿರದ ಕಾಟಾ ಮೇಲೆ ನಿಲ್ಲಿಸಿದಾಗ ಚೀಟಿಯಲ್ಲಿ ಬಂದದ್ದು 1,240. "ಒಳಗ ತೊಗರಿ ಚೀಲ ಅವ ಏನ್ರಿ ಸಾಹೇಬ್ರ?" ಅಂದ ಕಾಟಾ ಹುಡುಗ. ತೊಗರಿ ಇರಲಿಲ್ಲ. ಕಬ್ಬಿಣದ ಬಂಪರ್, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ), ದೊಡ್ಡ ಟೈರು, ರೋಲ್ ಕೇಜ್ (ಗಾಡಿ ಮಗುಚಿದರೆ ಕಾಯುವ ಕಬ್ಬಿಣದ ಚೌಕಟ್ಟು), ಹಿಂದೆ ಎರಡು ಕ್ಯಾನ್ ಪೆಟ್ರೋಲ್ ಇದ್ದವು. ಉಕ್ಕಿನ ಹಗ್ಗದ ವಿಂಚ್ ಒಂದೇ 35ರಿಂದ 40 ಕೆಜಿ ತೂಗುತ್ತದೆ.

ಪ್ರವಾಸಕ್ಕೆ ಹೊರಡುವಾಗ ಜೀಪಿನಲ್ಲಿ ಏನೇನು ಇರುತ್ತದೋ ಅಷ್ಟನ್ನೂ ತುಂಬಿ ತೂಗಿ. ಖಾಲಿ ಟ್ರೇಲರನ್ನೂ ಬೇರೆಯಾಗಿ ತೂಗಿ. ಎರಡು ಚೀಟಿ ಕೂಡಿಸಿದರೆ ಮುಂದಿನ ಲೆಕ್ಕಕ್ಕೆಲ್ಲ ಬೇಕಾದ ಅಂಕಿ ಸಿಕ್ಕಿತು. ನನ್ನ ಟ್ರೇಲರ್ 640 ಕೆಜಿ, ಒಟ್ಟು 1,880.

ಹಂತ 2: ಟ್ರೇಲರ್ ನಿಜವಾಗಿ ಬೇಕೇ?

ವರ್ಷಕ್ಕೆ ಎರಡು ಸಲ ಸಕಲೇಶಪುರದ ಕಡೆ ಹೋಗುವವರಿಗೆ ಟ್ರೇಲರ್ ದಂಡ. ಫ್ಲಾಟ್‌ಬೆಡ್ ಲಾರಿ ಬಾಡಿಗೆಗೆ ತಗೊಳ್ಳಿ.  ಆದರೆ ಡಾಲಾದ (ಲಾರಿಯ ಹಿಂದೆ ಸಾಮಾನು ಹೇರುವ ಭಾಗ) ಉದ್ದ, ಅಗಲವನ್ನು ಟೇಪ್ ಹಿಡಿದು ಅಳೆದೇ ಮಾತಾಡಿ, ಅಗಲದ ಟೈರ್ ಹಾಕಿದ ಜೀಪು ಡಾಲಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಲಾರಿಗೆ ಹತ್ತಿಸುವ ಜಾಗ ನಮ್ಮೂರಲ್ಲಿ ಹುಡುಕಬೇಕಾಗಿಲ್ಲ. ಗುರುತಿನವರ ದಾಲ್ ಮಿಲ್ ಇದ್ದರೆ ಅಲ್ಲಿನ ಲೋಡಿಂಗ್ ಕಟ್ಟೆಗೆ ಲಾರಿಯ ಹಿಂಭಾಗ ತಾಗಿಸಿ, ನೇರ ಒಳಗೆ ಓಡಿಸಿ.

ಹಗ್ಗ ಕಟ್ಟಿ ಎಳೆಯುವುದನ್ನು ಪ್ರವಾಸದ ದಾರಿಯೆಂದು ತಿಳಿಯಬೇಡಿ. ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜ್ ಮುಟ್ಟಿಸಲು ಮಾತ್ರ ಅದಕ್ಕೆ ಅವಕಾಶ. ಹಿಂದಿನ ಗಾಡಿಯ ಸ್ಟೀರಿಂಗ್ ಹಿಡಿದವರಿಗೆ ಲೈಸೆನ್ಸ್ ಇರಬೇಕು, ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಹಾಗೆ ಎಳೆಸಿಕೊಳ್ಳುವ ಗತಿ ಬಂದರೆ ಟ್ರಾನ್ಸ್‌ಫರ್ ಕೇಸನ್ನು (ನಾಲ್ಕೂ ಗಾಲಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ನ್ಯೂಟ್ರಲ್‌ಗೆ ಹಾಕಿ, ಸ್ಟೀರಿಂಗ್ ಲಾಕ್ ಬಿಡಿಸಿ. ಇಂಜಿನ್ ಬಂದ್ ಇದ್ದಾಗ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಿನಂತಾಗುತ್ತದೆ ಅನ್ನುವುದನ್ನು ಕೂತವರಿಗೆ ಮೊದಲೇ ಹೇಳಿ.

ಆಳಂದ, ಭಾಲ್ಕಿ ಕಡೆ ಕಬ್ಬಿನ ಟ್ರಾಲಿಯಲ್ಲಿ ಜೀಪ್ ಹೇರುವ ರೂಢಿ ಇದೆ. ಬೇಡ. ಆ ಟ್ರಾಲಿಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೂ ಇಲ್ಲ, ಸ್ಪ್ರಿಂಗೂ ಇಲ್ಲ. ಬೇಸಾಯಕ್ಕೆಂದು ನೋಂದಣಿಯಾದ ಟ್ರಾಲಿಯಲ್ಲಿ ಜೀಪು ಬಿದ್ದರೆ ವಿಮೆಯವರು ಕಾಗದ ನೋಡಿಯೇ ಕೈ ಎತ್ತುತ್ತಾರೆ.

ಹಂತ 3: ಟ್ರೇಲರ್ ಆರಿಸುವುದು

ಮೊದಲು ಬ್ರೇಕ್ ನೋಡಿ, ಬಣ್ಣ ಆಮೇಲೆ. 750 ಕೆಜಿ ದಾಟಿದ ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕೆಂದು ಹೊರದೇಶಗಳಲ್ಲಿ ಕಾನೂನೇ ಇದೆ. ಜೀಪ್ ಹೊತ್ತ ಯಾವ ಟ್ರೇಲರೂ ಅದರೊಳಗೆ ಬರುವುದಿಲ್ಲ. ಬ್ರೇಕ್ ಎರಡು ತರಹದ್ದು. ಒಂದರಲ್ಲಿ ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ, ಆ ನೂಕಿಗೇ ಮೂತಿಯ ಕಪ್ಲರ್ (ಹಿಚ್ ಗುಂಡಿನ ಮೇಲೆ ಕೂರುವ ಬಾಯಿ) ಒಳಸರಿದು ಬ್ರೇಕ್ ಹಿಡಿಯುತ್ತದೆ, ವೈರಿಂಗ್ ತಲೆನೋವಿಲ್ಲ. ಇನ್ನೊಂದು ಕರೆಂಟಿನದು. ಕ್ಯಾಬಿನ್‌ನಲ್ಲಿ ಕಂಟ್ರೋಲರ್ ಇರುತ್ತದೆ, ಟ್ರೇಲರ್ ಬ್ರೇಕನ್ನು ಮಾತ್ರ ಬೇರೆಯಾಗಿ ಹಿಡಿಯಬಹುದು. ಮೊದಲ ಟ್ರೇಲರಿಗೆ ನೂಕುಬ್ರೇಕ್ ಸಾಕು. ಆದರೆ ರಿವರ್ಸ್ ಹೋಗುವಾಗ ಅದು ತಾನಾಗಿ ಬಿಡುತ್ತದೆಯೋ ಪಿನ್ ಹಾಕಬೇಕೋ ಕೇಳಿಕೊಳ್ಳಿ. ಗೊತ್ತಿಲ್ಲದೆ ಹಿಂದಕ್ಕೆ ನೂಕಿ ಕ್ಲಚ್ ಪ್ಲೇಟ್ ಸುಟ್ಟುಕೊಂಡವರು ಇದ್ದಾರೆ.

ಎರಡನೆಯದು ಟೈರ್. ಟೈರ್ ಗೋಡೆಯ ಮೇಲೆ ಅಳತೆಯ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ: 91 ಅಂದರೆ ಆ ಟೈರ್ ಹೊರುವುದು 615 ಕೆಜಿ, 100 ಅಂದರೆ 800, 104 ಅಂದರೆ 900. ನನ್ನ 1,880 ಕೆಜಿಯಲ್ಲಿ 200 ಕೆಜಿ ಹಿಚ್ ಮೇಲೆ ಬೀಳುತ್ತದೆ (ಇದನ್ನು ಅಳೆಯುವುದು ಹಂತ 7ರಲ್ಲಿದೆ), ಉಳಿದ 1,680 ಟ್ರೇಲರ್ ಗಾಲಿಗಳ ಪಾಲು. ಒಂದೇ ಆಕ್ಸಲ್ ಆದರೆ ಟೈರಿಗೆ 840 ಕೆಜಿ, 91ರ ಟೈರ್ ಅಲ್ಲಿಗೇ ಕೈಬಿಟ್ಟಿತು. ಎರಡು ಆಕ್ಸಲ್ ಆದರೆ ಟೈರಿಗೆ 420. ಒಂದು ಒಡೆದರೂ ಮೂರು ನಿಂತಿರುತ್ತವೆ. ಹಾಗಾಗಿ ಜೀಪಿಗೆ ಎರಡು ಆಕ್ಸಲ್ ಟ್ರೇಲರೇ ಸರಿ ಅನ್ನುವುದು ನನ್ನ ಮಾತು. ತಯಾರಾದ ದಿನವನ್ನೂ ನೋಡಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಮೇ ತಿಂಗಳ 43 ಡಿಗ್ರಿ ಬಿಸಿಲಿಗೆ ಕಾಯುವ ನಮ್ಮ ಡಾಂಬರಿನ ಮೇಲೆ, ವರ್ಷವಿಡೀ ಬಿಸಿಲಿಗೆ ನಿಂತ ಹಳೆಯ ಟೈರ್ ನಂಬುವಂಥದ್ದಲ್ಲ.

ಮೂರನೆಯದು ಕಾಗದ. ಟ್ರೇಲರಿಗೂ ಬೇರೆ ನೋಂದಣಿ ಬೇಕು. ಕೆಎ 32, 33, 38 ಯಾವ ಆರ್‌ಟಿಒಗೆ ಹೋದರೂ ಚಾಸಿ ನಂಬರ್, ಮಾರಾಟದ ಫಾರ್ಮ್ 21, ತಯಾರಕರ ಫಾರ್ಮ್ 22 ಕೇಳುತ್ತಾರೆ. "ಹತ್ತು ದಿನದಾಗ ಮಾಡಿ ಕೊಡ್ತೀನ್ರಿ" ಅನ್ನುವ ವೆಲ್ಡಿಂಗ್ ಅಂಗಡಿಯವರ ಕೈಕೆಲಸ ಚೆನ್ನಾಗಿಯೇ ಇರಬಹುದು, ಈ ಕಾಗದ ಕೊಡಲು ಅವರಿಗೆ ಆಗುವುದಿಲ್ಲ. ಮುಂಗಡ ಕೊಡುವ ಮುನ್ನ ಕಾಗದದ ನಕಲು ಕೇಳಿ.

ಹಂತ 4: ಈಗ ಎಳೆಯುವ ಗಾಡಿ

ಹೊಸಬರಿಗೆ ನನ್ನ ಅಳತೆ ಒಂದೇ: ಜೀಪ್ ಸಮೇತ ಟ್ರೇಲರಿನ ತೂಕ ಎಳೆಯುವ ಗಾಡಿಯ ಖಾಲಿ ತೂಕ ಮೀರಬಾರದು. ಶೇ. 85ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ನನ್ನ 1,880 ಕೆಜಿಯನ್ನು ಎರಡು ಟನ್ ಆಸುಪಾಸಿನ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್, ಫಾರ್ಚುನರ್ ಹೇಗೋ ಹಿಡಿದಾವು, ಅದೂ ಅಂಚಿನಲ್ಲಿ. ಅದಕ್ಕೇ ನಾನು ಈಗ ವಿಂಚನ್ನೂ ಪೆಟ್ರೋಲ್ ಕ್ಯಾನನ್ನೂ ಬಿಚ್ಚಿಟ್ಟು ಹೋಗುತ್ತೇನೆ. ಬೊಲೆರೊ ಹಗುರ, ಬಿಟ್ಟುಬಿಡಿ. ಹೊಸ ಥಾರನ್ನೇ ಟ್ರೇಲರ್ ಮೇಲೆ ಹೇರುವವರಿಗೆ ಲೆಕ್ಕ ಎರಡೂವರೆ ಟನ್ ಹತ್ತಿರ ಹೋಗುತ್ತದೆ. ಅವರು ಹಂತ 2ಕ್ಕೆ ವಾಪಸ್ ಹೋಗಿ ಲಾರಿ ಹಿಡಿಯಲಿ.

ಚಾಸಿ ಇಲ್ಲದ, ಬಾಡಿಯೇ ಚೌಕಟ್ಟಾಗಿರುವ ಕಾರ್‌ಗಳು ಈ ಕೆಲಸಕ್ಕಲ್ಲ. ಗಾಲಿಯಿಂದ ಗಾಲಿಗೆ ಅಂತರ ಉದ್ದವಿದ್ದಷ್ಟೂ ಟ್ರೇಲರ್ ಬಾಲ ಅಲ್ಲಾಡಿಸಿದಾಗ ಮುಂದಿನ ಗಾಡಿ ನೆಟ್ಟಗಿರುತ್ತದೆ. ಹೈಲಕ್ಸ್‌ನದು 3,085 ಮಿ.ಮೀ., ಮೂರು ಬಾಗಿಲ ಥಾರ್‌ನದು 2,450. ಇಂಜಿನ್ ಎಷ್ಟೇ ಗಟ್ಟಿ ಇದ್ದರೂ ಗಿಡ್ಡ ಥಾರ್ ಎಳೆಯುವ ಗಾಡಿಯಲ್ಲ.

ಆಸ್ಟ್ರೇಲಿಯಾದಲ್ಲಿ ಹೈಲಕ್ಸ್‌ನ ಕೆಲವು ಮಾದರಿಗಳಿಗೆ 3,500 ಕೆಜಿ ಎಳೆಯುವ ಅನುಮತಿ ಇದೆ ಎಂದು ವಿಡಿಯೊ ನೋಡಿ ಹೇಳುವವರಿದ್ದಾರೆ. ಅದು ಅಲ್ಲಿನ ಹಿಚ್, ಅಲ್ಲಿನ ಬ್ರೇಕ್ ಇರುವ ಟ್ರೇಲರ್ ಕಟ್ಟಿದಾಗಿನ ಮಾತು. ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದದ್ದೇ ನಿಮ್ಮ ಅಂಕಿ. ಎಳೆಯಬಾರದು ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಲೆಕ್ಕ ಎಲ್ಲರೂ ಮರೆಯುತ್ತಾರೆ. ಹಿಚ್ ಮೇಲೆ ಬೀಳುವ ಭಾರ ಪಿಕಪ್ ಹೊರುವ ಭಾರದೊಳಗೇ ಸೇರುತ್ತದೆ. ಐದು ಜನ, ಹಿಂದೆ ಟೆಂಟು, ಸಿಲಿಂಡರು, ಜನರೇಟರು, ಮೇಲೆ ಇನ್ನೂರು ಕೆಜಿ ಹಿಚ್ ಭಾರ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಇಷ್ಟೂ ಹಿಡಿಸಬೇಕು.

ಹಂತ 5: ಹಿಚ್, ಗುಂಡು, ಸರಪಳಿ, ಲೈಟ್

ಹಿಚ್ ಚಾಸಿಗೆ ಬೋಲ್ಟ್ ಆಗಬೇಕು. ಬಂಪರಿಗೆ ವೆಲ್ಡ್ ಮಾಡಿದ್ದು ಅಲಂಕಾರ. ಗಾಡಿ ಬದಲಾವಣೆಯ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದರಿಂದ ಕಂಪನಿಯೇ ಒಪ್ಪಿದ ಹಿಚ್ ಸಿಕ್ಕರೆ ಅದನ್ನೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ.

ಹಿಚ್ ಗುಂಡಿನಲ್ಲಿ ಮೋಸ ಹೋಗುವ ಅಳತೆ ಎರಡು: 50 ಮಿ.ಮೀ., ಮತ್ತು 2 ಇಂಚು ಅಂದರೆ 50.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 2 ಇಂಚಿನ ಕಪ್ಲರನ್ನು 50ರ ಗುಂಡಿನ ಮೇಲೆ ಕೂರಿಸಿದರೆ ಲಾಕ್ ಬೀಳುತ್ತದೆ, ಕೈಗೆ ಗಟ್ಟಿಯಾಗಿಯೇ ಅನ್ನಿಸುತ್ತದೆ, ಯಾವುದೋ ಊರಿನ ಹಂಪ್ ಮೇಲೆ ಹಾರಿಬರುತ್ತದೆ. ಗುಂಡಿನ ತಲೆಯ ಮೇಲೆ, ಕಪ್ಲರ್ ಮೇಲೆ ಕೆತ್ತಿದ ಅಂಕಿ ಎರಡನ್ನೂ ಓದಿ. ಕೆತ್ತಿಲ್ಲದ ಗುಂಡನ್ನು ಕೊಳ್ಳಬೇಡಿ.

ಸುರಕ್ಷತಾ ಸರಪಳಿ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡವಾಗಿ ಕಟ್ಟಿ. ಕಪ್ಲರ್ ಬಿಚ್ಚಿದರೂ ಮೂತಿ ಆ ತೊಟ್ಟಿಲ ಮೇಲೆ ಬೀಳುತ್ತದೆ, ನೆಲಕ್ಕೆ ನೆಡುವುದಿಲ್ಲ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಎಳೆಯುವ ತುರ್ತು ತಂತಿಯನ್ನು ಗುಂಡಿಗೆ ಸಿಕ್ಕಿಸಬೇಡಿ, ಚಾಸಿಗೆ ಸಿಕ್ಕಿಸಿ.

ಲೈಟ್ ವೈರನ್ನು ಟೇಪ್ ಸುತ್ತಿ ಕೂಡಿಸುವ ಮಿಸ್ತ್ರಿ ಸಿಕ್ಕರೆ ಬೇಡ ಅನ್ನಿ. ಹೊಸ ಗಾಡಿಗಳಲ್ಲಿ ಹಾಗೆ ಮಾಡಿದರೆ ಮೀಟರ್ ತುಂಬ ಎಚ್ಚರಿಕೆ ದೀಪ ಹೊತ್ತುತ್ತವೆ. ರಿಲೇ ಮಾಡ್ಯೂಲ್, ಏಳು ಪಿನ್ನಿನ ಸಾಕೆಟ್ ಹಾಕಿಸಿ.

ಜೀವಕ್ಕೆ ಸಂಬಂಧಿಸಿದ ಮಾತು: ಕೆಸರಲ್ಲಿ ಹೂತ ಜೀಪನ್ನು ಹಿಚ್ ಗುಂಡಿಗೆ ಬೆಲ್ಟ್ ಹಾಕಿ ಎಳೆಯಬೇಡಿ. ಗುಂಡಿನ ಕುತ್ತಿಗೆ ಮುರಿದರೆ ಅದು ತೋಪಿನ ಗುಂಡೇ ಆಗುತ್ತದೆ. ಹೀಗೆ ಸತ್ತವರಿದ್ದಾರೆ. ಎಳೆಯಲು ತೂಕ ಮುದ್ರೆಯಿರುವ ಶ್ಯಾಕಲ್ (ಪಿನ್ ಹಾಕುವ ಉಕ್ಕಿನ ಬಳೆ), ಚಾಸಿಯ ಕೊಂಡಿ ಬಳಸಿ. ಹಿಗ್ಗುವ ರಿಕವರಿ ಹಗ್ಗವನ್ನು ಟ್ರೇಲರ್ ಮೇಲೆ ಜೀಪ್ ಬಿಗಿಯಲು ತರಬೇಡಿ, ಅದರ ಕೆಲಸ ಬೇರೆ.

ಹಂತ 6: ಜೀಪ್ ಹತ್ತಿಸುವುದು

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಪಿಕಪ್‌ಗೆ ಟ್ರೇಲರ್ ಕಟ್ಟಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು. ಗಾಲಿಗೆ ಅಡ್ಡ ಎಂದು ಶಹಾಬಾದ್ ಫರ್ಸಿಯ (ನೆಲಕ್ಕೆ ಹಾಸುವ ಕಲ್ಲಿನ) ತುಂಡು ಇಟ್ಟಿದ್ದೆ. ಜಿಪ್ಸಿಯ ಮುಂದಿನ ಗಾಲಿ ರ‍್ಯಾಂಪ್ ಏರಿ ಟ್ರೇಲರ್ ಬಾಲದ ಮೇಲೆ ಬಂತು. ಬಾಲ ಕೆಳಗಿಳಿಯಿತು, ಮೂತಿ ಮೇಲೆದ್ದಿತು, ಅದರ ಜೊತೆ ಪಿಕಪ್‌ನ ಹಿಂಭಾಗವೂ ಎದ್ದಿತು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಅವಕ್ಕೆ ನೆಲದ ಹಿಡಿತವೇ ಹೋಯಿತು. ಫರ್ಸಿ 'ಟಕ್' ಎಂದು ಎರಡಾಯಿತು. ಪಿಕಪ್ ಮುಂದಕ್ಕೆ ಜಾರಿ ಕಾಂಪೌಂಡ್ ಗೋಡೆಗೆ ಮುತ್ತಿಟ್ಟಿತು. ನಡುವೆ ಯಾರೂ ನಿಂತಿರಲಿಲ್ಲ, ಅಷ್ಟು ಪುಣ್ಯ.

ಅಂದಿನಿಂದ ನನ್ನ ಕ್ರಮ ಹೀಗಿದೆ. ಸಮತಟ್ಟು ನೆಲ ನೋಡಿ ನಿಲ್ಲಿಸುವುದು. ಎಳೆಯುವ ಗಾಡಿಯ ಮುಂದಿನ ಗಾಲಿಗಳಿಗೂ ಮರದ ಬೆಣೆ ಕೊಡುವುದು. ರ‍್ಯಾಂಪ್ ಇಳಿಸುವ ಮುನ್ನ ಟ್ರೇಲರ್ ಬಾಲದ ಎರಡೂ ಮೂಲೆಗೆ ಸ್ಟ್ಯಾಂಡ್ ತಾಗಿಸುವುದು. ಜೀಪನ್ನು ಫೋರ್ ಲೋ (ನಾಲ್ಕೂ ಗಾಲಿ ನಿಧಾನಕ್ಕೆ ಎಳೆಯುವ ಗೇರ್), ಮೊದಲ ಗೇರಿನಲ್ಲಿ ಹತ್ತಿಸುವುದು. ಕೈ ತೋರಿಸಲು ಒಬ್ಬರೇ ಸಾಕು, ಅವರು ಪಕ್ಕದಲ್ಲಿ ನಿಲ್ಲಬೇಕು, ಎದುರಿಗಲ್ಲ. ನಾಲ್ಕು ಜನ ನಾಲ್ಕು ಕಡೆಯಿಂದ "ಬಾ ಬಾ, ಬಿಡು ಬಿಡು" ಅಂದರೆ ಗಾಲಿ ರ‍್ಯಾಂಪಿನಿಂದ ಇಳಿದೇ ಇಳಿಯುತ್ತದೆ.

ಹಂತ 7: ಮುಂಭಾರ ಹೊಂದಿಸುವುದು

ಬಂಡಿ ಹೂಡಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಮುಂದಾದರೆ ಎತ್ತಿನ ಹೆಗಲು ಬೀಳುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಒಟ್ಟು ತೂಕದ ಶೇ. 10ರಿಂದ 15ರಷ್ಟು ಹಿಚ್ ಮೇಲೆ ಬರಬೇಕು. 1,880ಕ್ಕೆ 188ರಿಂದ 282 ಕೆಜಿ ಆಯಿತು. ಹಿಚ್‌ನ ತಗಡಿನ ಮೇಲೆ ಬರೆದ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಆ ಹಿಚ್ ಈ ಹೇರಿಗೆ ಆಗುವುದಿಲ್ಲ.

ಕಾಟಾ ಮೇಲೆ ಇದನ್ನು ಅಳೆಯುವುದು ಸುಲಭ. ಟ್ರೇಲರ್ ಬಿಚ್ಚಿ ಎಳೆಯುವ ಗಾಡಿಯನ್ನಷ್ಟೇ ತೂಗಿ. ಆಮೇಲೆ ಟ್ರೇಲರ್ ಕಟ್ಟಿ, ಅದರ ಗಾಲಿಗಳು ಕಾಟಾದ ಹೊರಗೆ ಉಳಿಯುವಂತೆ ನಿಲ್ಲಿಸಿ ಮತ್ತೆ ತೂಗಿ. ಎರಡರ ವ್ಯತ್ಯಾಸವೇ ಮುಂಭಾರ. ಕಡಿಮೆ ಬಂದರೆ ಜೀಪನ್ನು ಒಂದು ಗೇಣು ಮುಂದಕ್ಕೆ ತನ್ನಿ, ಜಾಸ್ತಿ ಬಂದರೆ ಹಿಂದಕ್ಕೆ. ಸರಿಯಾದ ಜಾಗ ಸಿಕ್ಕ ಮೇಲೆ ಮುಂದಿನ ಗಾಲಿಯ ಎದುರಿಗೆ ಡೆಕ್ ಮೇಲೆ ಬಣ್ಣದ ಗೆರೆ ಎಳೆಯಿರಿ. ಮುಂದಿನ ಸಲ ಕಾಟಾ ಬೇಕಾಗುವುದಿಲ್ಲ.

ಹಂತ 8: ಕಟ್ಟುವುದು

ಜೋರು ಬ್ರೇಕ್ ಬಿದ್ದಾಗ ಜೀಪಿನ ತೂಕದ ಶೇ. 80ರಷ್ಟು ಬಲ ಮುಂದಕ್ಕೆ ನೂಕುತ್ತದೆ ಎಂದು ಹಿಡಿದು ಕಟ್ಟಬೇಕು. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ. ಬೆಲ್ಟಿನ ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ: ಬೆಲ್ಟ್ ಹರಿದುಹೋಗುವ ತೂಕ ಮತ್ತು ಕೆಲಸದ ತೂಕ. ಅಂಗಡಿಯವರು ದೊಡ್ಡದನ್ನು ಹೇಳುತ್ತಾರೆ, ನೀವು ಚಿಕ್ಕದನ್ನು ಲೆಕ್ಕ ಹಿಡಿಯಿರಿ.

ಬೆಲ್ಟನ್ನು ಆಕ್ಸಲ್‌ಗೆ ಕಟ್ಟಿ, ಬಂಪರಿಗಲ್ಲ. ಚಾಸಿಗೆ ಕಟ್ಟಿದರೆ ರಸ್ತೆಯ ಪ್ರತಿ ಗುಂಡಿಗೂ ಸ್ಪ್ರಿಂಗ್ ಕುಗ್ಗಿ ಬೆಲ್ಟ್ ಸಡಿಲಾಗಿ ಕೊಕ್ಕೆ ಕಳಚುತ್ತದೆ. ಹಿಂದಿನ ಎರಡು ಬೆಲ್ಟ್ ಅಡ್ಡಡ್ಡ ಹಾಕಿ. ಬ್ರೇಕ್ ಪೈಪ್ ಮೇಲೆ ಬೆಲ್ಟ್ ಹಾಯುತ್ತದೆಯೇ ಎಂದು ಬಗ್ಗಿ ನೋಡಿ. ಕೊನೆಗೆ ಜೀಪನ್ನು ಗೇರಿನಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ.

ಹಂತ 9: ಮೊದಲ 40 ಕಿ.ಮೀ.

ನಸುಕಿನಲ್ಲೇ ಹೊರಡಿ. ಬೇಸಿಗೆಯ ಹತ್ತು ಗಂಟೆಯ ನಂತರ ಟೈರಿಗೂ ಇಂಜಿನ್ನಿಗೂ ನಿಮಗೂ ಸುಖವಿಲ್ಲ. ಮೊದಲ ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಬೆಲ್ಟ್ ಬಿಗಿಮಾಡಿ, ಅವು ಸಡಿಲಾಗಿಯೇ ಇರುತ್ತವೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ದಕ್ಷಿಣಕ್ಕೆ ಹೊರಟರೆ ಭೀಮಾ ಸೇತುವೆ ದಾಟಿ ಜೇವರ್ಗಿಯಲ್ಲಿ ನಿಲ್ಲುವುದು ನನ್ನ ರೂಢಿ. ಚಹಾ ಹೇಳಿ, ಅದು ಬರುವಷ್ಟರಲ್ಲಿ ಟ್ರೇಲರಿನ ನಾಲ್ಕೂ ಹಬ್ (ಗಾಲಿಯ ನಡುಭಾಗ) ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಒಂದೇ ಹಬ್ ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಹೋಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅಲ್ಲಿಂದ ಮುಂದೆ ಹೋಗಬೇಡಿ. ಗಾಲಿ ನಟ್ಟನ್ನು ಟಾರ್ಕ್ ಸ್ಪ್ಯಾನರಿನಿಂದ ಇನ್ನೊಮ್ಮೆ ಬಿಗಿಯಿರಿ.

ವೇಗ 60 ಸಾಕು. ತೊಗರಿ ಸುಗ್ಗಿಯಲ್ಲಿ ತುಂಬಿದ ಲಾರಿಗಳು ಉಜ್ಜಿಕೊಂಡೇ ಮುಂದೆ ಹೋಗುತ್ತವೆ, ಅವುಗಳ ಗಾಳಿಗೆ ಟ್ರೇಲರ್ ಅತ್ತಿತ್ತ ಸೆಳೆಯುತ್ತದೆ. ಒಂದೆರಡು ಸಲ ತೂಗಿ ನಿಂತರೆ ಸಹಜ. ತೂಗಾಟ ಹೆಚ್ಚುತ್ತಾ ಹೋದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಎಳೆದಾಡಬೇಡಿ, ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲು ನೋಡಬೇಡಿ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು ತಾನಾಗಿ ನಿಧಾನವಾಗಲು ಬಿಡಿ. ಕರೆಂಟ್ ಬ್ರೇಕ್ ಇದ್ದರೆ ಟ್ರೇಲರಿನದನ್ನು ಮಾತ್ರ ಮೆಲ್ಲಗೆ ಹಿಡಿಯಿರಿ. ನಿಂತ ಮೇಲೆ ಕಾರಣ ಹುಡುಕಿ: ಬಹುತೇಕ ಮುಂಭಾರ ಕಡಿಮೆ, ಇಲ್ಲವೇ ಒಂದು ಟೈರಿನ ಗಾಳಿ ಇಳಿದಿರುತ್ತದೆ.

ಊರೊಳಗಿನ ಹಂಪ್‌ಗಳ ಮೇಲೆ ನೆನಪಿಡಿ, ನಿಮ್ಮ ಗಾಡಿ ದಾಟಿದರೆ ಹಂಪ್ ಮುಗಿದಂತಲ್ಲ. ಮಳೆಗಾಲದಲ್ಲಿ ಡಾಂಬರಿನಿಂದ ಕೆಳಗಿಳಿಸಿ ನಿಲ್ಲಿಸಬೇಡಿ. ಮೇಲೆ ಒಣಗಿದಂತೆ ಕಾಣುವ ಎರೆಮಣ್ಣು ಎರಡು ಟನ್ ಟ್ರೇಲರನ್ನು ಹಬ್‌ವರೆಗೆ ನುಂಗುತ್ತದೆ.

ಚಿಂಚೋಳಿ ಕಡೆ ಹೊರಟವರಿಗೆ: ಅಲ್ಲಿನ ಕಾಡು ವನ್ಯಜೀವಿ ಧಾಮ. ರಸ್ತೆ ಬಿಟ್ಟು ಗಾಲಿ ಇಳಿಸುವ ಜಾಗ ಅದಲ್ಲ.

ಹಂತ 10: ವಾಪಸ್ ಬರುವಾಗ

ಕೆಸರು ಮೆತ್ತಿದ ಟೈರು ಕಬ್ಬಿಣದ ರ‍್ಯಾಂಪಿನ ಮೇಲೆ ಸಾಬೂನಿನಂತೆ ಜಾರುತ್ತದೆ. ಹತ್ತಿಸುವ ಮುನ್ನ ಟೈರ್ ತೊಳೆಯಿರಿ, ನೀರಿಲ್ಲದಿದ್ದರೆ ಕೋಲಿನಿಂದ ಕೆರೆದು ತೆಗೆಯಿರಿ. ಆಕ್ಸಲ್ ಮೇಲಿನ ಕೆಸರನ್ನಂತೂ ಬೆಲ್ಟ್ ಹಾಕುವ ಮುನ್ನ ತೆಗೆಯಲೇಬೇಕು. ಬೆಲ್ಟ್ ಆ ಕೆಸರಿನ ಮೇಲೆ ಬಿಗಿದಿರುತ್ತದೆ. ನೂರು ಕಿಲೋಮೀಟರ್ ಗಾಳಿಗೆ ಕೆಸರು ಒಣಗಿ ಉದುರಿದರೆ ಬೆಲ್ಟ್ ಎರಡು ಬೆರಳು ಸಡಿಲ. ಒಂದು ಸಲ ಸಿಂದಗಿ ಹತ್ತಿರ ನಿಂತು ನೋಡಿದಾಗ ಹಿಂದಿನ ಎರಡು ಕೊಕ್ಕೆ ಗಾಳಿಯಲ್ಲಿ ಆಡುತ್ತಿದ್ದವು.

ಮನೆ ಮುಟ್ಟಿದ ಮೇಲೆ ದಣಿವಿನಲ್ಲಿ ಕಪ್ಲರ್ ಎತ್ತಲು ಹೋಗಬೇಡಿ. ಮೊದಲು ಟ್ರೇಲರ್ ಗಾಲಿಗಳ ಎರಡೂ ಕಡೆ ಬೆಣೆ, ಆಮೇಲೆ ಬಾಲದ ಸ್ಟ್ಯಾಂಡ್. ಜೀಪ್ ಇಳಿಸುವವರೆಗೆ ಟ್ರೇಲರ್ ಪಿಕಪ್‌ಗೆ ಕಟ್ಟಿದ್ದೇ ಇರಲಿ. ಜೀಪ್ ಇಳಿದ ಮೇಲೆ ಮೂತಿಯ ಜಾಕ್ ನೆಲಕ್ಕೆ ಊರಿ, ಲೈಟ್ ಪಿನ್, ತುರ್ತು ತಂತಿ, ಸರಪಳಿ ತೆಗೆದು ಕಪ್ಲರನ್ನು ಕಟ್ಟಕಡೆಗೆ ಎತ್ತಿ.